ಗಿರಿಜವ್ವ ನಿರ್ಲಕ್ಷ್ಯ ಮಾಡಲಿಲ್ಲ

ನೆರೆ ಪರಿಹಾರದ ಸಾಮಗ್ರಿ ಹಂಚುವ ಹೊಣೆ ಹೊತ್ತ ಅಧಿಕಾರಿಗಳಿಗೆ,

ಮಾನ್ಯರೇ,

ನಮ್ಮೂರು ಭೋಜದ ಗಿರಿಜವ್ವನ ಮನೆಗೆ ಬೆಂಕಿ ಬಿದ್ದು ಆಕೆಯ ಗಂಡ ಗಂಗಾರಾಮ ತೀರಿಕೊಂಡದ್ದಕ್ಕೆ ಕಾರಣ, ‘ಫಲಾನುಭವಿಯು ಟಾರ್ಚನ್ನು ಅತಿಯಾಗಿ ಚಾರ್ಜ್ ಮಾಡಿದ ನಿರ್ಲಕ್ಷ್ಯ’ ಎಂದು ತಾವು ಸಹಿ ಮಾಡಿದ ವರದಿಯಲ್ಲಿ ಬರೆದಿದೆ. ಒಂದೇ ಸಾಲು. ಆ ಸಾಲು ಸುಳ್ಳು. ನನಗೆ ಹೇಗೆ ಗೊತ್ತು ಎಂದು ತಾವು ಕೇಳಬಹುದು. ಆಕೆಗೆ ಚಾರ್ಜ್ ಮಾಡುವುದನ್ನು ಹೇಳಿಕೊಟ್ಟವನು ನಾನೇ.

ನನ್ನ ಹೆಸರು ಅಭಿನಂದನ. ಭೋಜದ ಬಸ್ ಸ್ಟ್ಯಾಂಡಿನ ಹತ್ತಿರ ಇಪ್ಪತ್ತೆರಡು ವರ್ಷಗಳಿಂದ ಟಿವಿ, ರೇಡಿಯೊ, ಟಾರ್ಚು ರಿಪೇರಿ ಮಾಡಿಕೊಂಡಿದ್ದೇನೆ. ಗಿರಿಜವ್ವನದು ನನ್ನ ಅಂಗಡಿಯ ಹಿಂದಿನ ಓಣಿ. ದಿನಕ್ಕೆ ಎಂಟುನೂರು ಬೀಡಿ ಸುತ್ತುತ್ತಿದ್ದಳು. ಮಾತಾಡುತ್ತ ಕೂತರೂ ಬೆರಳು ನಿಲ್ಲುತ್ತಿರಲಿಲ್ಲ. ಗಂಗಾರಾಮ ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಚೀಲ ಹೊರುತ್ತಿದ್ದ. ಮೂರು ವರ್ಷದ ಹಿಂದೆ ಲಕ್ವಾ ಹೊಡೆದು ಎಡಭಾಗ ಬಿದ್ದುಹೋಯಿತು. ಅಂದಿನಿಂದ ಅವನನ್ನು ಎಬ್ಬಿಸುವುದು, ತೊಳೆಯುವುದು, ಅಂಗಳದಾಚೆಯ ಸಂಡಾಸಕ್ಕೆ ಹೆಗಲು ಕೊಟ್ಟು ಕರೆದೊಯ್ಯುವುದು, ಎಲ್ಲ ಆಕೆಯದೇ. ಹೊಳೆ ಇಳಿದ ಮೇಲೆ ಅಂಗಳದಲ್ಲಿ ಹಾವು ಕಾಣಿಸಿಕೊಳ್ಳುವ ಊರು ನಮ್ಮದು. ಅಂಥ ಮನೆಗೆ ಕೈಯಲ್ಲೊಂದು ಬೆಳಕು ಎಷ್ಟು ದೊಡ್ಡದು ಎಂಬುದನ್ನು ತಮಗೆ ವಿವರಿಸಿ ಹೇಳಬೇಕಾಗಿಲ್ಲವೆಂದುಕೊಂಡಿದ್ದೇನೆ.

ಹೋದ ಮಳೆಗಾಲದಲ್ಲಿ ವೇದಗಂಗಾ, ದೂಧಗಂಗಾ ಎರಡೂ ಏರಿ ಬಂದಾಗ ಓಣಿಯವರೆಲ್ಲ ಹನ್ನೊಂದು ದಿನ ಶಾಲೆಯಲ್ಲಿದ್ದರು. ಆ ಶಾಲೆಗೆ ತಾವು ‘ಕಾಳಜಿ ಕೇಂದ್ರ’ ಎಂದು ಬೋರ್ಡು ಹಾಕಿಸಿದ್ದಿರಿ. ಅಲ್ಲಿಂದ ಮನೆಗೆ ಹೊರಟವರ ಕೈಗೆ ಒಂದು ಚಾದರ, ಒಂದು ಚೀಲ ಅಕ್ಕಿ, ಚಾರ್ಜ್ ಮಾಡುವ ಒಂದು ಟಾರ್ಚು. ಫೋಟೊ ತೆಗೆಯುವವನಿಗಾಗಿ ಪ್ರತಿಯೊಬ್ಬರೂ ಟಾರ್ಚು ಎತ್ತಿ ಹಿಡಿದರು. ಅದನ್ನು ಹೇಗೆ ಚಾರ್ಜ್ ಮಾಡಬೇಕು, ಎಷ್ಟು ಹೊತ್ತು, ಬಿಸಿಯಾದರೆ ಏನು ಮಾಡಬೇಕು ಎಂಬ ಒಂದು ಚೀಟಿಯೂ ಡಬ್ಬಿಯಲ್ಲಿರಲಿಲ್ಲ. ಕನ್ನಡದಲ್ಲಿಲ್ಲದಿದ್ದರೆ ಹೋಗಲಿ, ಮರಾಠಿಯಲ್ಲಾದರೂ ಇದ್ದಿದ್ದರೆ ಗಂಗಾರಾಮ ಓದುತ್ತಿದ್ದ. ಅವನು ಮರಾಠಿ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದವನು.

ದೀಪಾವಳಿ ಮುಗಿದ ಮೇಲೆ ಗಿರಿಜವ್ವ ಆ ಟಾರ್ಚು ಹಿಡಿದು ನನ್ನ ಅಂಗಡಿಗೆ ಬಂದಳು. ನಮ್ಮ ಕಡೆ ಟಾರ್ಚಿಗೇ ಬ್ಯಾಟರಿ ಎನ್ನುತ್ತಾರೆ, ಒಳಗಿನದಕ್ಕೆ ಸೆಲ್ಲು.

“ತಮ್ಮಾ, ಈ ಬ್ಯಾಟರಿ ಅರ್ಧಾ ತಾಸಿನ್ಯಾಗ ಮಂಕ ಆಗಾಕತ್ತೈತಿ. ಏನಾಗೈತಿ ನೋಡು.”

ಮುಚ್ಚಳ ತಿರುಗಿಸಿದೆ. ಒಳಗೆ ಹೆಬ್ಬೆರಳಿನ ಗಾತ್ರದ ಲಿಥಿಯಂ ಸೆಲ್ಲು. ಸ್ಪ್ರಿಂಗಿಗೆ ತುಕ್ಕು ಹಿಡಿದಿತ್ತು. ಸೆಲ್ಲಿನ ಮೇಲಿನ ಕಾಗದ ಅಂಚಿನಲ್ಲಿ ಎದ್ದಿತ್ತು. ತಿರುಪಿನ ಸಂದಿಯಲ್ಲಿ ಒಣಗಿದ ಕೆಸರಿನ ಸಣ್ಣ ಗೆರೆ.

“ಅಕ್ಕಾ, ಇದು ನೀರಾಗ ಬಿದ್ದಿತ್ತೇನು?”

“ಇಲ್ಲೋ. ಸಾಲ್ಯಾಗ ಕೊಟ್ಟಾಗಿಂದ ಅರಿವ್ಯಾಗ ಸುತ್ತಿ ಇಟ್ಟೇನಿ. ಮಳ್ಯಾಗ ಒಂದ ದಿನ ಹೊರಗ ತಗದಿಲ್ಲ.”

“ಸೆಲ್ಲು ಯಾಕೋ ಸರಿ ಕಾಣವಲ್ದು.”

“ಸರಕಾರದವ್ರು ಕೊಟ್ಟದ್ದಪಾ. ಹೊಸಾದು. ಸರಿ ಇಲ್ದದ್ದ ಕೊಡ್ತಾರನು?”

ಮಾನ್ಯರೇ, ಆಕೆಗೆ ತಮ್ಮ ಮೇಲಿದ್ದ ನಂಬಿಕೆ ನನ್ನ ಅನುಮಾನಕ್ಕಿಂತ ಗಟ್ಟಿಯಾಗಿತ್ತು. ನಾನು ಆ ಸೆಲ್ಲನ್ನು ಅಲ್ಲೇ ತೆಗೆದಿಟ್ಟುಕೊಳ್ಳಬೇಕಿತ್ತು. ನನ್ನ ಹತ್ತಿರ ಅಂದು ಬದಲಿ ಸೆಲ್ಲು ಇರಲಿಲ್ಲ, ಆಕೆಗೆ ಅಂದೇ ಬೆಳಕು ಬೇಕಿತ್ತು. ಸ್ಪ್ರಿಂಗು ಉಜ್ಜಿ ವಾಪಸ್ ಕೊಟ್ಟೆ. ಕೊಡುವಾಗ ಹೇಳಿದೆ: ಹಾಸಿಗೆಯ ಮೇಲೆ ಇಡಬೇಡ, ಕಲ್ಲಿನ ಮೇಲೆ ಇಡು, ಚಾರ್ಜಿಗೆ ಹಚ್ಚಿ ಹೊರಗೆ ಹೋಗಬೇಡ, ಹತ್ತಿರವೇ ಇರು, ಕೆಂಪು ದೀಪ ಹಸಿರಾಗುವ ತನಕ ಬಿಡು, ಹಸಿರಾದ ಕೂಡಲೇ ತೆಗೆ. ಒಳ್ಳೆಯ ಸೆಲ್ಲಿಗೆ ಇದೆಲ್ಲ ಸರಿಯಾದ ಮಾತೇ. ಆದರೆ ನೀರು ಹೊಕ್ಕ ಸೆಲ್ಲು ಒಳಗೊಳಗೇ ಕೆಡುತ್ತ ಹೋಗಿ, ಒಂದು ದಿನ ಪೂರ್ತಿ ತುಂಬುವುದೇ ಇಲ್ಲ. ತುಂಬದಿದ್ದರೆ ಕೆಂಪು ಹಸಿರಾಗುವುದಿಲ್ಲ. ಅಗ್ಗದ ಚಾರ್ಜರು ಕರೆಂಟು ತಳ್ಳುತ್ತಲೇ ಇರುತ್ತದೆ, ಸೆಲ್ಲು ಬಿಸಿಯಾಗುತ್ತಲೇ ಹೋಗುತ್ತದೆ. ಕೈಯಿಟ್ಟು ನೋಡು, ಸುಡುತ್ತಿದ್ದರೆ ದೀಪ ಯಾವುದೇ ಇರಲಿ ಕಿತ್ತುಹಾಕು ಎಂಬ ಮಾತನ್ನು ನಾನು ಹೇಳಲಿಲ್ಲ.

ಮೂರು ವಾರದ ನಂತರ, ಮಧ್ಯಾಹ್ನ ಕರೆಂಟು ಬಂದ ಹೊತ್ತಿಗೆ, ಗಿರಿಜವ್ವ ಟಾರ್ಚನ್ನು ಅಡುಗೆಯ ಕಟ್ಟೆಯ ಫರಸಿ ಕಲ್ಲಿನ ಮೇಲೆ ಚಾರ್ಜಿಗೆ ಹಚ್ಚಿದಳು. ಎದುರಿನ ಬಾಗಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಸುತ್ತಲು ಕೂತಳು. ಒಂದೊಂದು ಕಟ್ಟು ಮುಗಿದಾಗಲೂ ತಲೆಯೆತ್ತಿ ದೀಪ ನೋಡುತ್ತಿದ್ದಳಂತೆ. ಪಕ್ಕದ ಮನೆಯ ಮನಿಷಾ, “ಇನ್ನೂ ಆಗಿಲ್ಲನ್ರಿ ವೈನಿ?” ಎಂದು ಕೇಳಿದ್ದಾಳೆ. “ಇನ್ನಾ ಕೆಂಪ ಐತಿ” ಎಂದು ಗಿರಿಜವ್ವ ಉತ್ತರ ಕೊಟ್ಟಿದ್ದಾಳೆ. ಇದನ್ನು ಮನಿಷಾ ತಮ್ಮ ಪಂಚನಾಮೆಯವರ ಮುಂದೆ ಹೇಳಿದಳು. ಅವರು ಬರೆದುಕೊಳ್ಳಲಿಲ್ಲ.

ಪಟಾಕಿಯಂಥ ಸದ್ದಾಯಿತು. ಉರಿಯುವ ಸೆಲ್ಲು ಹಾರಿ ಬಂದು ಗಂಗಾರಾಮನ ಹೊರಸಿನ ಬುಡದಲ್ಲಿದ್ದ ಒಣ ಬೀಡಿ ಎಲೆಯ ಚೀಲಕ್ಕೆ ಬಿತ್ತು. ಎಲೆ ಹೊತ್ತಿಕೊಂಡಿತು, ಕೌದಿ ಹೊತ್ತಿಕೊಂಡಿತು. ಅವನು ಏಳಲಾರ. ಗಿರಿಜವ್ವ ಉರಿಯುವ ಕೌದಿಯನ್ನು ಎರಡೂ ಕೈಯಿಂದ ಎಳೆದು ಬಿಸಾಡಿದಳು. ಆಮೇಲೆ ಗಂಡನ ಕಂಕುಳಲ್ಲಿ ಕೈಹಾಕಿ ಹಿಂದೆ ಹಿಂದೆ ನಡೆಯುತ್ತ ಅಂಗಳದವರೆಗೆ ಎಳೆದು ತಂದಳು. ನಾನು ಓಡಿಹೋದಾಗ ಅವನ ತಲೆ ಆಕೆಯ ತೊಡೆಯ ಮೇಲಿತ್ತು. ಅವನಿಗೆ ಸುಟ್ಟದ್ದು ಕಡಿಮೆ. ಹೊಗೆ ಎದೆಗೆ ಇಳಿದಿತ್ತು. ಮೂರನೆಯ ದಿನ ಬೆಳಗಾವಿಯ ಆಸ್ಪತ್ರೆಯಲ್ಲಿ ತೀರಿಹೋದ. ಆಕೆಯ ಬಲಗೈಯ ಮೂರು ಬೆರಳು ಒಂದಕ್ಕೊಂದು ಅಂಟಿಕೊಂಡಿವೆ.

ಆಸ್ಪತ್ರೆಯಲ್ಲಿ ನನ್ನನ್ನು ಕಂಡೊಡನೆ ಆಕೆ ಹೇಳಿದ್ದು ಇಷ್ಟೇ: “ತಮ್ಮಾ, ನಾ ಎದ್ದ ಹೋಗಿದ್ದಿಲ್ಲ. ನೀ ಹೇಳಿದಂಗ ಕುಂತಿದ್ನಿ. ಅದು ಹಸರ ಆಗಲೇ ಇಲ್ಲ.”

ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಒಳಗೆ ಮತ್ತೆ ಹೋಗಲು ಬಹಳ ಹೊತ್ತು ಹಿಡಿಯಿತು.

ಆ ಮೇಲೆ ಓಣಿ ಓಣಿ ತಿರುಗಿ ತಾವು ಹಂಚಿದ ಇಪ್ಪತ್ತೊಂಬತ್ತು ಟಾರ್ಚು ಕೂಡಿಸಿದೆ. ಹದಿನೇಳರಲ್ಲಿ ಅದೇ ತುಕ್ಕು, ಅದೇ ಕೆಸರು. ಸೆಲ್ಲುಗಳನ್ನು ತೆಗೆದು, ಒಂದಕ್ಕೊಂದು ತಾಗದಂತೆ ಒಣ ಮರಳು ತುಂಬಿದ ತಗಡಿನ ಡಬ್ಬಿಯಲ್ಲಿಟ್ಟು ತಮ್ಮ ಕಚೇರಿಗೆ ತಂದೆ. ಗುಮಾಸ್ತರು ಒಳ್ಳೆಯ ಮನುಷ್ಯ, ಕುರ್ಚಿ ಕೊಟ್ಟರು.

“ಹಂಚೂ ರಜಿಸ್ಟರ್ ಐತ್ರಿ, ವಾಪಸ್ ತಗೊಳ್ಳೂ ರಜಿಸ್ಟರ್ ಇಲ್ಲ,” ಎಂದರು.

“ಇವಕ್ಕ ಕೆಸರ ಹ್ಯಾಂಗ ಬಂತ್ರಿ?”

“ಹಳೇ ಸ್ಟಾಕ್ ರೀ. ಅದರ ಹಿಂದಿನ ವರ್ಷ ನೆರಿ ಬಂದಾಗ ಗೋದಾಮಿನ್ಯಾಗ ನೀರ ಹೊಕ್ಕಿತ್ತು. ಬಿಸಲಿಗಿ ಹಾಕಿ ಒಣಗಿಸಿ, ಹೊಸಾ ಡಬ್ಬಿಗಿ ಹಾಕಿ ಕೊಟ್ಟೇವಿ. ಹತ್ತತಿದ್ವು ಎಲ್ಲಾ.”

ಹತ್ತುತ್ತಿದ್ದವು, ನಿಜ. ನೆರೆಯಲ್ಲಿ ಮುಳುಗಿದ ಟಾರ್ಚನ್ನು ನೆರೆಯಲ್ಲಿ ಮುಳುಗಿದವರಿಗೇ ಕೊಟ್ಟ ತಮ್ಮ ಜಾಣತನವನ್ನು ಮೆಚ್ಚಲೇಬೇಕು. ಆದರೆ ಒಂದು ಮಾತು ಕೇಳುತ್ತೇನೆ. ನೀರು ಕುಡಿದ ಸೆಲ್ಲನ್ನು ಬಿಸಿಲಿಗೆ ಒಣಗಿಸಿದರೆ ಹಪ್ಪಳದಂತೆ ಸರಿಹೋಗುತ್ತದೆಂದು ತಮ್ಮ ಕಚೇರಿಗೆ ಹೇಳಿದವರು ಯಾರು? ಡಬ್ಬಿ ಬದಲಿಸಿ ಹೊಸದರಂತೆ ಕೊಟ್ಟವರ ಬಗ್ಗೆ ವರದಿಯಲ್ಲಿ ಒಂದಕ್ಷರವೂ ಇಲ್ಲವಲ್ಲ, ಏಕೆ? ಕಟ್ಟು ಕಟ್ಟಿಗೂ ತಲೆಯೆತ್ತಿ ದೀಪ ನೋಡುತ್ತ ಕೂತ ಹೆಂಗಸಿಗೆ ನಿರ್ಲಕ್ಷ್ಯವೆಂಬ ಪದ ಹೇಗೆ ಅಂಟಿತು? ಆ ಪದ ಯಾರಿಗಾದರೂ ಸಲ್ಲಬೇಕಿದ್ದರೆ ನನಗೂ ಒಂದು ಪಾಲು ಕೊಡಿ, ಬೇಡವೆನ್ನುವುದಿಲ್ಲ. ಉಳಿದದ್ದು ಎಲ್ಲಿಗೆ ಸೇರಬೇಕೋ ಅಲ್ಲಿಗೆ ಸೇರಲಿ.

ಜುಗೂಳದಲ್ಲಿರುವ ನನ್ನ ತಂಗಿಯ ಮನೆಗೂ ಇದೇ ಟಾರ್ಚು ಬಂದಿದೆ. ಫೋನಿನಲ್ಲಿ ಹೇಳಿ ಸೆಲ್ಲು ತೆಗೆಸಿದೆ. ಫೋನಿನಲ್ಲಿ ಹೇಳಲು ಅಣ್ಣ ಇಲ್ಲದ ಮನೆಗಳು ಹೊಳೆಯ ದಂಡೆಯಲ್ಲಿ ಎಷ್ಟಿವೆಯೋ, ಪಟ್ಟಿ ತಮ್ಮ ಹತ್ತಿರವೇ ಇದೆ.

ಆದ್ದರಿಂದ ಕೇಳುವುದಿಷ್ಟು. ವರದಿಯ ಆ ಸಾಲನ್ನು ಹೊಡೆದುಹಾಕಿ, ನಡೆದದ್ದನ್ನು ಬರೆಯಿರಿ. ಹಂಚಿದ ಅಷ್ಟೂ ಟಾರ್ಚುಗಳನ್ನು ಮನೆಮನೆಯಿಂದ ವಾಪಸ್ ತರಿಸಿ. ಮುಂದೆ ಕೊಡುವುದಾದರೆ ತುಂಬಿದ ಕೂಡಲೇ ತಾನೇ ನಿಲ್ಲುವ ಚಾರ್ಜರು ಕೊಡಿ, ಜತೆಗೆ ಕನ್ನಡ ಮರಾಠಿ ಎರಡರಲ್ಲೂ ಒಂದು ಚೀಟಿ ಇಡಿ: ಒದ್ದೆಯಾದ, ಉಬ್ಬಿದ, ಸುಲಿದ ಸೆಲ್ಲನ್ನು ಚಾರ್ಜಿಗೆ ಹಚ್ಚಬಾರದು, ಮಲಗುವಾಗ, ಹೊರಗೆ ಹೋಗುವಾಗ ಹಚ್ಚಬಾರದು, ಕೈಗೆ ಬಿಸಿ ತಾಗಿದರೆ ಗೋಡೆಯ ಬಟನ್ ಬಂದ್ ಮಾಡಿ ದೂರ ಸರಿಯಬೇಕು. ಮೂರು ಸಾಲು ಸಾಕು.

ನಿನ್ನೆ ಈ ಪತ್ರವನ್ನು ಗಿರಿಜವ್ವನಿಗೆ ಓದಿ ಹೇಳಿದೆ. ಕೇಳಿ, “ಆ ಆಫೀಸಿನವ್ರೂ ಒಂದೆರಡ ಬ್ಯಾಟರಿ ತಮ್ಮ ಮನಿಗಿ ಒಯ್ದಿರ್ತಾರ, ತಮ್ಮಾ. ಚಾರ್ಜಿಗಿ ಹಚ್ಚಬ್ಯಾಡ್ರಿ ಅಂತ ಬರಿ. ಮನ್ಯಾಗ ಮಂದಿ ಇರ್ತಾರ,” ಎಂದಳು.

ಬರೆದಿದ್ದೇನೆ.

ಇಂತಿ,
ಕೇಳಿದರೂ ಕೇಳದಿದ್ದರೂ ಇನ್ನು ಮೇಲೆ ಎಲ್ಲರಿಗೂ ಎಲ್ಲವನ್ನೂ ಹೇಳಿಯೇ ಕಳಿಸುವ,
ರಿಪೇರಿ ಅಂಗಡಿಯ ಅಭಿನಂದನ
ಭೋಜ, ನಿಪ್ಪಾಣಿ ತಾಲ್ಲೂಕು