ಬಾಲದ ಮೇಲಿನ ಹೆಸರು

೧೧ ಸೆಪ್ಟೆಂಬರ್ ೨೦೨೫, ಗುರುವಾರ. ರಾಣೆಬೆನ್ನೂರು.

ಬಾಲ ಹೋಯಿತು. ಬರೆಯುವಾಗಲೂ ಸಿಟ್ಟು ಇಳಿದಿಲ್ಲ.

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಪ್ರಭುಲಿಂಗಪ್ಪ ನಮ್ಮ ಕಾಲೇಜಿಗೆ ಕೊಟ್ಟ ಮೀನಿನ ಪಳೆಯುಳಿಕೆ ಅದು. ಅವರಜ್ಜ ಎಲ್ಲಿಂದ ತಂದದ್ದೋ, ಅವರಿಗೂ ತಿಳಿಯದು. ಮೂರು ತಿಂಗಳಿಂದ ಪಾಠ ಮುಗಿದ ಮೇಲೆ ಭೂತಗನ್ನಡಿ ಹಿಡಿದು, ಅದು ಯಾವ ಮೀನೆಂದು ಹುಡುಕುತ್ತಿದ್ದೆ. ಧಾರವಾಡದ ಪಳೆಯುಳಿಕೆ ತಜ್ಞೆ ನಿರ್ಮಲಾ ಮೇಡಂ ಮೊನ್ನೆ ಫೋನಿನಲ್ಲಿ, "ಬಾಲದ ಎಲುಬಿನ ಕಡ್ಡಿ ಎಣಿಸಾಕ ಬರೂ ಹಂಗ ಒಂದು ಫೋಟೊ ಕಳಸ್ರಿ, ಯಾವ ಮೀನಂತ ಹೇಳ್ತೇನಿ" ಎಂದಿದ್ದರು.

ಇವತ್ತು ಕಪಾಟು ತೆರೆದರೆ, ಬಾಲದ ತುಂಬ ದಾನಿಯ ಹೆಸರು! ಸ್ಟೀಲ್ ತಟ್ಟೆಗೆ ಹೊಡೆಸುತ್ತಾರಲ್ಲ, ಅದೇ ಚುಕ್ಕಿ ಚುಕ್ಕಿ ಅಕ್ಷರ.

ಅಟೆಂಡರ್ ರುದ್ರಮುನಿ ನಗುತ್ತಲೇ ಬಂದ. "ಪ್ರಿನ್ಸಿಪಾಲ್ ಸಾಹೇಬ್ರು ಹೇಳಿದ್ರು ಮೇಡಮ್ಮಾರ. ಭಾಂಡೆ ಅಂಗಡಿಗೆ ಒಯ್ದು ಹೊಡಿಸ್ಕೊಂಡು ಬಂದೇನ್ರಿ. ಮಾರಿ ಮ್ಯಾಲೆ ಚಂದ ಕಾಣಂಗಿಲ್ಲಂತ ಬಾಲದ ಮ್ಯಾಲೆ ಬರ್ಸೇನ್ರಿ."

ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದೆ.

"ಫ್ಯಾನಿಗೆ ಬರ್ಸೇವಿ, ಬೆಂಚಿಗೆ ಬರ್ಸೇವಿ, ಕಲ್ಲಿಗೆ ಬರ್ಸಿದ್ರ ಏನಾತ್ರಿ? ಮೀನ ಎಲ್ಲಿ ಹೋಗೇತಿ? ಅಲ್ಲೇ ಐತಲ್ಲ!" ಎಂದರು ಅವರು.

ಅಲ್ಲೇ ಇದೆ. ಕೋಟಿಗಟ್ಟಲೆ ವರ್ಷ ಮಣ್ಣಿನಡಿ ಮುಕ್ಕಾಗದೆ ಉಳಿದ ಬಾಲ, ನಮ್ಮ ಕಪಾಟಿನಲ್ಲಿ ಒಂದು ವರ್ಷವೂ ಬಾಳಲಿಲ್ಲ.

ಹಟಕ್ಕೆ ಬಿದ್ದು ಹಾಗೆಯೇ ಫೋಟೊ ತೆಗೆದು ನಿರ್ಮಲಾ ಮೇಡಂಗೆ ಕಳಿಸಿದೆ. ಈಗಷ್ಟೇ ಅವರ ಉತ್ತರ ಬಂತು.

"ಭುವನಾ, ಪ್ರಭುಲಿಂಗಪ್ಪ ಅಂದ್ರ ಯಾರ್ರಿ?"