ಹತ್ತು ಸಾಲು ಕಬ್ಬು

ಸನವಳ್ಳಿ
೧೮-೧-೨೦೦೪

ಮುನಿಸಿಕೊಂಡು ಹೋದ ಯಜಮಾನರಿಗೆ, ಮುನಿಸು ಇನ್ನೂ ಪೂರ್ತಿ ಇಳಿಯದ ಗೋದುಬಾಯಿಯ ನಮಸ್ಕಾರಗಳು.

ನಾನೂ ಎಮ್ಮೆಗಳೂ ಕ್ಷೇಮ. ದಾಂಡೇಲಿಯಲ್ಲಿ ನಿಮ್ಮ ಅಕ್ಕನವರ ಕೈಯಡುಗೆ ಉಂಡು ನೀವು ದಪ್ಪಗಾಗಿದ್ದೀರೆಂದು ಸುದ್ದಿ ಬಂದಿದೆ. ಇರಲಿ. ಈ ಕಾಗದ ಬರೆಯುತ್ತಿರುವುದು ಒಂದೇ ವಿಷಯಕ್ಕೆ: ನಮ್ಮ ಕಬ್ಬು ಕಡಿದು ಲಾರಿ ಹತ್ತಿತು. ಹೊಲಕ್ಕೆ ಬೆಂಕಿ ಬೀಳಲಿಲ್ಲ. ಚಿರತೆ ಸಾಯಲಿಲ್ಲ, ಅದರ ಮರಿಗಳು ಸಾಯಲಿಲ್ಲ, ನಿಮ್ಮ ಹೆಂಡತಿಯೂ ಸಾಯಲಿಲ್ಲ. ಗೆದ್ದವಳು ನಾನು.

ಹದಿನೈದು ದಿನದ ಹಿಂದೆ ನೀರು ಹಾಯಿಸಲು ಹೋದಾಗ ಕಬ್ಬಿನ ನಡುವೆ ಆ ಎರಡು ಮರಿಗಳನ್ನು ಇಬ್ಬರೂ ಒಟ್ಟಿಗೇ ಕಂಡೆವಲ್ಲ, ನಿಮ್ಮ ಸಿಟ್ಟು ನನಗೆ ಅರ್ಥವಾಗಿತ್ತು. ಅವುಗಳ ತಾಯಿ ನಮ್ಮ ಗಬ್ಬದ ಆಡನ್ನು ಹೊತ್ತೊಯ್ದು ಎಂಟು ದಿನವೂ ಆಗಿರಲಿಲ್ಲ. ನನಗೂ ಹೊಟ್ಟೆ ಉರಿದಿತ್ತು. ಕಡಿಸುವ ಮೊದಲು ಹೊಲದ ಸೋಗೆ ಸುಟ್ಟುಬಿಡೋಣ ಎಂದಿರಿ ನೀವು. ಆದರೆ ಈಗಷ್ಟೇ ಕಣ್ಣು ತೆರೆದ ಕೂಸುಗಳಿರುವ ಹೊಲಕ್ಕೆ ಬೆಂಕಿ ಹಚ್ಚುವುದು ನನ್ನಿಂದ ಆಗದು ಎಂದೆ. "ಹಂಗಾದ್ರ ನೀನ ಕಡಸು. ಯಾವ ಗ್ಯಾಂಗಿನವ ಒಳಗ ಇಳೀತಾನ ನಾನೂ ನೋಡ್ತೇನಿ" ಎಂದು ಚೀಲ ಹಿಡಿದು ಬಸ್ಸು ಹತ್ತಿದಿರಿ. ಆ ಮಾತು ಈಗಲೂ ಚುಚ್ಚುತ್ತದೆ.

ಸೋಮವಾರ ಕಬ್ಬು ಕಡಿಯುವ ಗ್ಯಾಂಗು ಬಂತು. ಮರಿಗಳ ವಿಷಯ ನಾನು ಮುಚ್ಚಿಡಲಿಲ್ಲ. ಕೇಳಿದ್ದೇ ತಡ, ಗ್ಯಾಂಗು ನಡೆಸುವ ಮುಕಾದಮ ಗೂಳಪ್ಪ ಬದುವಿನ ಮೇಲೆ ಕೂತುಬಿಟ್ಟ. "ಮೊದಲ ಸುಡ್ರಿ ಅಕ್ಕಾರ. ಇಲ್ಲಾಂದ್ರ ನಾವು ಬಾಜೂ ಊರಿಗೆ, ಇಂದೂರಿಗೆ ಹೋಗ್ತೇವಿ" ಎಂದ. ಅವರು ಹೋದರೆ ಕಾರ್ಖಾನೆಯ ಪಾಳಿ ಮತ್ತೆ ನಮಗೆ ಬರುವುದು ತಿಂಗಳ ಮೇಲೆ. ಅಷ್ಟರಲ್ಲಿ ವರ್ಷದ ಬೆಳೆ ಒಣಗಿ ಕಟ್ಟಿಗೆಯಾಗುತ್ತದೆ.

ಈ ಜನ ಹೊಲಕ್ಕೆ ಹೇಗೆ ಇಳಿಯುತ್ತಾರೆಂದು ನಿಮಗೆ ಗೊತ್ತು. ನಾಲ್ಕೂ ಕಡೆಯಿಂದ ಕಡಿಯುತ್ತ ನಡುವಿಗೆ ಬರುತ್ತಾರೆ. ಕೊನೆಗೆ ಉಳಿದ ತುಂಡಿನಲ್ಲಿ ಸಿಕ್ಕಿಬಿದ್ದ ಹಂದಿಯೋ ಮೊಲವೋ ಅವತ್ತಿನ ಸಾರಿಗೆ. ಹಂದಿಯ ಬದಲು ಮರಿ ಹಾಕಿದ ಚಿರತೆ ಸಿಕ್ಕಿಬಿದ್ದರೆ ಗತಿಯೇನು? ಅದಕ್ಕೆ ನಾನು ಹೇಳಿದೆ: ಊರ ಮಗ್ಗುಲಿನಿಂದ ಮಾತ್ರ ಕಡಿಯೋಣ, ಡಬ್ಬಿ ಬಡಿಯುತ್ತ, ಗದ್ದಲ ಮಾಡುತ್ತ. ಅಡವಿಯ ಕಡೆ ಯಾರೂ ನಿಲ್ಲುವುದು ಬೇಡ. ನಮ್ಮ ಅಟ್ಟದ ಬೆಕ್ಕು ಗದ್ದಲವಾದರೆ ಮರಿಗಳನ್ನು ಕಚ್ಚಿಕೊಂಡು ಜಾಗ ಬದಲಿಸುವುದಿಲ್ಲವೇ, ಇದೂ ಹಾಗೇ. ಫಾರೆಸ್ಟ್ ಗಾರ್ಡನನ್ನೂ ಕೇಳಿ ಬಂದಿದ್ದೆ. ಮರಿ ಮುಟ್ಟಬೇಡಿ, ತಾಯಿಗೆ ಹಾದಿ ಬಿಡಿ ಎಂದಿದ್ದ.

"ಬೆಕ್ಕಿನ ಮಾತ ಕೇಳಿ ಚಿರತಿ ಬಾಯಾಗ ಹೋಗೂಣೇನ್ರಿ?" ಎಂದು ಗೂಳಪ್ಪ ನಕ್ಕ. ನನಗೆ ರೇಗಿತು. ಅವನ ಕೈಯಲ್ಲಿದ್ದ ಕೊಯ್ತಾ ಕಿತ್ತುಕೊಂಡು ಮೊದಲ ಸಾಲಿಗೆ ನಾನೇ ಇಳಿದೆ. ಹತ್ತು ಮಾರು ಕಡಿಯುವಷ್ಟರಲ್ಲಿ ಪಕ್ಕದ ಸಾಲಿನಲ್ಲೂ ಸಪ್ಪಳ ಕೇಳಿತು. ನೋಡಿದರೆ ಅವನ ಹೆಂಡತಿ ಮೀರಾಬಾಯಿ. "ನನಗೂ ಎರಡ ಕೂಸು ಅದಾವ್ರಿ, ಬಿಡಾರದಾಗ ಬಿಟ್ಟ ಬಂದೇನಿ" ಎಂದಳು, ಅಷ್ಟೇ. ಹೆಂಡತಿ ಇಳಿದ ಮೇಲೆ ಗೂಳಪ್ಪ ಕೂತಾನೆಯೇ? ಇಡೀ ಗ್ಯಾಂಗು ಎದ್ದಿತು.

ನಾಲ್ಕನೇ ದಿನ ಮಧ್ಯಾಹ್ನ ಅಡವಿಯ ಕಡೆಗೆ ಹತ್ತು ಸಾಲು ಉಳಿದವು. ಒಳಗಿನಿಂದ ಮರಿಗಳ ದನಿ ಕೇಳುತ್ತಿತ್ತು. ಸಾಕು, ನಿಲ್ಲಿಸಿ, ಮರಿ ಒಯ್ಯಲು ತಾಯಿಗೆ ಹೊತ್ತು ಕೊಡೋಣ ಎಂದೆ. ಲಾರಿ ಅರ್ಧ ಖಾಲಿ ನಿಂತಿತ್ತು. ಗೂಳಪ್ಪ ಗೊಣಗಿದ, ಡ್ರೈವರ ಬೈದ. ನಾನು ಜಗ್ಗಲಿಲ್ಲ.

ಮರುದಿನ ಬಿಸಿಲೇರುವ ಹೊತ್ತಿಗೆ ನಾವೆಲ್ಲ ಊರ ಕಡೆಯ ಬದುವಿನ ಮೇಲೆ ನಿಂತಿದ್ದೆವು, ಎಲ್ಲರಿಗಿಂತ ಮುಂದೆ ನಾನು. ತಾಯಿ ಹೊರಬಂತು, ಬಾಯಲ್ಲಿ ಒಂದು ಮರಿ. ಕಾಲುವೆ ದಾಟಿ ಅಡವಿಗೆ ಹೋಯಿತು. ಸ್ವಲ್ಪ ಹೊತ್ತಿಗೆ ತಿರುಗಿ ಬಂದು ಎರಡನೆಯದನ್ನೂ ಕಚ್ಚಿಕೊಂಡು, ಹೋಗುವಾಗ ನಿಂತು ನನ್ನತ್ತ ನೋಡಿತು. ನಾನು ಕದಲದೆ ನಿಂತಿದ್ದೆ. ಆಮೇಲೆ ಅದು ತನ್ನ ಹಾದಿ ಹಿಡಿಯಿತು. ಗೂಳಪ್ಪ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. ಮೀರಾಬಾಯಿ ನನ್ನನ್ನು ತಬ್ಬಿಕೊಂಡು ಅತ್ತಳು, ನಾನೂ ಅತ್ತೆ. ಇಷ್ಟು ಖುಷಿ ನನಗೆ ನಮ್ಮ ಮದುವೆಯಲ್ಲೂ ಆಗಿರಲಿಲ್ಲ, ಬೇಸರ ಮಾಡಿಕೊಳ್ಳಬೇಡಿ.

ಉಳಿದ ಹತ್ತು ಸಾಲು ಅಂದೇ ಕಡಿದೆವು. ನಿನ್ನೆ ಇಂದೂರಿನಲ್ಲಿ ಗೂಳಪ್ಪ ಹೊಲಕ್ಕಿಳಿಯುವ ಮೊದಲು "ಅಡವಿ ಯಾವ ಕಡೆ ಐತ್ರಿ?" ಎಂದು ಕೇಳಿದನಂತೆ. ಸಾರಿಗೆ ಹಂದಿ ಸಿಗಲಿಲ್ಲವೆಂದು ಅವನ ಗಂಡಾಳುಗಳಿಗೆ ಬೇಜಾರು. ಇಲ್ಲಿ ಆಡಿನ ದೊಡ್ಡಿಗೆ ಎದೆಮಟ್ಟ ಮುಳ್ಳುಬೇಲಿ ಹಾಕಿ, ಮೇಲೂ ಮುಳ್ಳು ಹೊದಿಸಿದ್ದೇನೆ.

ನೀವು ಬರುವುದು ಬಿಡುವುದು ನಿಮಗೆ ಸೇರಿದ್ದು. ನಾನಂತೂ ಕರೆಯುವವಳಲ್ಲ.

ಇಂತಿ,
ಕಬ್ಬು ಕಡಿಸಿ ತೋರಿಸಿದ
ಗೋದುಬಾಯಿ

ತಾ.ಕ.: ಸುದ್ದಿ ದಾಂಡೇಲಿ ಮುಟ್ಟಲು ಎಷ್ಟು ಹೊತ್ತು? ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಾನೇ ಬರೆಯುತ್ತೇನೆ. ಚಿರತೆ ನೋಡಿದಾಗ ನಾನು ಕದಲಲಿಲ್ಲ ನಿಜ, ಕಾಲು ಏಳಲಿಲ್ಲ. ಆದರೆ ಬಾಯಿ ಸುಮ್ಮನಿರಲಿಲ್ಲ. ಮದುವೆಯಲ್ಲಿ ಒಡಪು ಕಟ್ಟಿ ಹೇಳಿದ್ದು ಬಿಟ್ಟರೆ ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಎತ್ತದ ನಿಮ್ಮ ಹೆಸರು ಹಿಡಿದು, "ದುಂಡೇಶಾ, ಬಾರೋ!" ಎಂದು ಊರಿಗೆಲ್ಲ ಕೇಳುವಂತೆ ಕೂಗಿದೆ. ಅದಕ್ಕೆ ಬೆಚ್ಚಿಯೇ ಚಿರತೆ ಮರಿ ಕಚ್ಚಿಕೊಂಡು ಓಡಿದ್ದು. ಇಡೀ ಗ್ಯಾಂಗು ಕೇಳಿಸಿಕೊಂಡಿದೆ. ಇನ್ನು ನೀವು ಬರದಿದ್ದರೆ ನನ್ನ ಮಾನ ಉಳಿಯುವುದಿಲ್ಲ. ಬೆಳಗಿನ ಬಸ್ಸಿಗೇ ಬನ್ನಿ.