ಸಾಸಿವೆ ಗಿಡದ ಹುಳುಗಳನ್ನು ಎಣಿಸಿದವರಿಗೆ

ಮಾನ್ಯ ತಪಾಸಣಾಧಿಕಾರಿಗಳೇ,

ಶುಕ್ರವಾರದೊಳಗೆ ನನ್ನ ಪಾಲಿಹೌಸಿಗೆ ಔಷಧಿ ಹೊಡೆದು ಫೋಟೋ ಕಳಿಸಬೇಕು, ಇಲ್ಲದಿದ್ದರೆ ಅದರ ಗುತ್ತಿಗೆ ರದ್ದು ಎಂದು ನೋಟಿಸು ಕೊಟ್ಟಿದ್ದೀರಿ. ಕಾರಣವನ್ನೂ ಕಾಣಿಸಿದ್ದೀರಿ: ‘ಸಾಸಿವೆ ಗಿಡಗಳಲ್ಲಿ ತೀವ್ರ ಸಸ್ಯಹೇನು ಬಾಧೆ, ಜೊತೆಗೆ ಗುರುತಿಸಲಾಗದ ಕಪ್ಪು ಹುಳುಗಳು.’ ಸಾಹೇಬರೇ, ನಾನು ಬೆಳೆಯುವುದು ಜರ್ಬೆರಾ ಹೂವು. ಹೂವಿನಲ್ಲಿ ಎಷ್ಟು ಹೇನಿದ್ದವು ಎಂದು ನಿಮ್ಮ ಸಿಬ್ಬಂದಿ ಯಾಕೆ ಬರೆಯಲಿಲ್ಲ?

ಹೇನು ಹೂವನ್ನು ಬಿಟ್ಟು ಅಲ್ಲಿಗೆ ಬರಲಿ ಎಂದೇ ಮೂಲೆಮೂಲೆಗೆ ಸಾಸಿವೆ ಕುಂಡ ಇಟ್ಟಿದ್ದೇನೆ. ಬಂದ ಹೇನನ್ನು ತಿನ್ನಲೆಂದು ಗುಲಗಂಜಿ ಹುಳ ತಂದು ಬಿಟ್ಟಿದ್ದೇನೆ. ತಮಗೆ ಗುರುತು ಸಿಗದ ಆ ಕಪ್ಪು ಹುಳುಗಳು ಅದರ ಮರಿಗಳು. ಕೆಲಸಕ್ಕೆ ಬರುವ ಚೌಡಮ್ಮ ಅವನ್ನು ಮೊಸಳೆಮರಿ ಎನ್ನುತ್ತಾಳೆ. “ಅವು ನಮ್ಮವು ಸಾರ್, ಹೇನು ತಿನ್ನಾಕೆ ಬಿಟ್ಟಿರೋವು” ಎಂದು ಅವಳು ಹೇಳಿದ್ದಕ್ಕೆ ನಿಮ್ಮವರು ನಕ್ಕು, ಫಾರಂನಲ್ಲಿ ಅದಕ್ಕೆ ಕಾಲಂ ಇಲ್ಲ ಎಂದರಂತೆ. ಜೈಲಿಗೆ ಹೋಗಿ ಕಳ್ಳರನ್ನು ಎಣಿಸಿ, ಪೊಲೀಸರನ್ನೂ ಅದರಲ್ಲೇ ಸೇರಿಸಿ, ಊರು ಕೆಟ್ಟಿದೆ ಎಂದು ವರದಿ ಬರೆದ ಹಾಗಾಯಿತು.

ಒಂದು ಸಲ ಹೊಡೆದರೆ ಏನು ಗಂಟು ಹೋಗುತ್ತದೆ ಎನ್ನುತ್ತೀರಾ? ಮೊಸಳೆಮರಿ ಸಾಯುತ್ತವೆ, ಹೇನು ತಿರುಗಿ ಬರುತ್ತವೆ, ಆಮೇಲೆ ವಾರಕ್ಕೊಮ್ಮೆ ಹೊಡೆಯಲೇಬೇಕು. ಆ ಪಂಪು ಯಾರ ಬೆನ್ನಿಗೆ? ನನ್ನ ಯಜಮಾನರು ಖಲೀಲ್ ಹನ್ನೊಂದು ವರ್ಷ ಆ ಮುಚ್ಚಿದ ಪ್ಲಾಸ್ಟಿಕ್ಕಿನೊಳಗೆ ಔಷಧಿ ಹೊಡೆದವರು. ಈಗ ಹೊನ್ನಾಳಿ ಬಸ್ಸಿನ ಎರಡು ಮೆಟ್ಟಿಲು ಹತ್ತಿದರೆ ಸಾಕು, ಕಂಬಿ ಹಿಡಿದು ಉಸಿರಿಗೆ ಕಾಯುತ್ತಾರೆ. ಇನ್ನೊಮ್ಮೆ ಆ ಗಾಳಿ ಕುಡಿದರೆ ತಾನು ಜವಾಬ್ದಾರನಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ನಾನು ಸಾಸಿವೆ ಬಿತ್ತಿದ್ದು ಶೋಕಿಗಲ್ಲ.

ನಿಮ್ಮ ನೋಟಿಸು ಓದಿದ ಮೇಲೆ ಅವರು ನಿನ್ನೆ ಅಟ್ಟದಿಂದ ಪಂಪು ಇಳಿಸಿ ತೊಳೆಯುತ್ತಾ ಕೂತಿದ್ದರು. ನಾನು ಕೈ ಹಿಡಿದೆ. “ಪಾಲಿಹೌಸ್ ಹೋದ್ರೆ ಹೆಂಗೆ ಸಾಜಿದಾ? ನಾನೇ ಹೊಡೀತೀನಿ, ಬಿಡು” ಎಂದರು. ನನಗೆ ಭಯವಾಗಿದೆ ಸಾಹೇಬರೇ.

ದಯೆ ಕೇಳುತ್ತಿಲ್ಲ. ಶುಕ್ರವಾರಕ್ಕೆ ಮುಂಚೆ ಒಂದು ಭೂತಗನ್ನಡಿ ಹಿಡಿದು ತಾವೇ ಬನ್ನಿ. ಮೊದಲು ಹೂವು ನೋಡಿ, ಆಮೇಲೆ ಸಾಸಿವೆ. ಫಾರಂನಲ್ಲಿ ಕಾಲಂ ಇಲ್ಲದಿದ್ದರೆ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ.

ಪಂಪಿನ ನಾಜಲ್ ಬಿಚ್ಚಿ ಹಿಟ್ಟಿನ ಡಬ್ಬಿಯೊಳಗೆ ಬಚ್ಚಿಟ್ಟಿದ್ದೇನೆ. ಅವರು ಮನೆಯೆಲ್ಲ ಹುಡುಕುತ್ತಿದ್ದಾರೆ. ಅವರ ಕೈಗೆ ಅದು ಸಿಗುವುದರೊಳಗೆ ಬನ್ನಿ.

ಇಂತಿ,
ತಮ್ಮ ವರದಿಯ ಪ್ರಕಾರ ಹುಳ ಸಾಕುವವಳು,
ಸಾಜಿದಾ
ನ್ಯಾಮತಿ